ಒಲೆಯ ಎಡಗಡೆಯ ನೆಲ

ಇಂಥ ಸಂಗತಿಗಳನ್ನು ಬೇರೆಯವರು ಹೇಳುವಾಗ ನಾನು ಪೂರ್ತಿ ಕೇಳಿದವಳೇ ಅಲ್ಲ. ಮನೆಯಲ್ಲಿ ಯಾರಾದರೂ ಹುಣಸೆಮರದ ಬಿಳಿ ಸೀರೆಯ ಕಥೆ ತೆಗೆದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಇತಿಹಾಸದ ವಿದ್ಯಾರ್ಥಿನಿ ಎಂಬ ಬಿಂಕವೂ ಇತ್ತು. ಕೈಗೆ ಸಿಗುವ, ಅಳತೆಗೆ ಸಿಗುವ ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದು ಎಂದು ಗೆಳತಿಯರಿಗೆ ಪಾಠ ಹೇಳುತ್ತಿದ್ದೆ. ಈಗ ನಾನು ಬರೆಯಹೊರಟಿರುವುದು ನಡೆದದ್ದು ರಾತ್ರಿಯಲ್ಲಲ್ಲ, ಹಾಡುಹಗಲಿನ ಉರಿಬಿಸಿಲಿನಲ್ಲಿ. ನಾನು ಏನನ್ನೂ ಕಾಣಲಿಲ್ಲ, ಏನನ್ನೂ ಕೇಳಲಿಲ್ಲ. ಆದರೂ ಅದನ್ನು ಭ್ರಮೆ ಎಂದು ತಳ್ಳಿಹಾಕಲು ಇಷ್ಟು ವರ್ಷ ಪ್ರಯತ್ನಪಟ್ಟು ಸೋತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೆ.

ಅರವತ್ತರ ದಶಕದ ಮೊದಲ ವರ್ಷಗಳು. ಶಿವಮೊಗ್ಗದ ಕಾಲೇಜಿನಲ್ಲಿ ನಾನು ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಅಪ್ಪನಿಗೆ ಗಾಂಧಿಬಜಾರಿನಲ್ಲಿ ಜವಳಿ ಅಂಗಡಿ. ನಮ್ಮ ಇತಿಹಾಸದ ಮೇಷ್ಟ್ರು ಒಂದು ದಿನ ತರಗತಿಗೆ ಬಂದವರೇ ಜೇಬಿನಿಂದ ಒಂದು ಮಡಕೆಯ ಚೂರು ತೆಗೆದು, ನೋಡಿ ಮುಂದಕ್ಕೆ ಕೊಡಿ ಎಂದರು. ಒಳಗೆಲ್ಲ ಕಪ್ಪು, ಹೊರಗೆ ಕೆಂಪು. ಎರಡು ಸಾವಿರ ವರ್ಷಕ್ಕೂ ಹಳೆಯದಂತೆ. ಅದರ ಅಂಚಿನಲ್ಲಿ ಹಸಿಮಣ್ಣಿಗೆ ತಾಗಿದ ಉಗುರಿನ ಗುರುತಿತ್ತು. ಹಿಂದಿನ ಬೆಂಚಿನವರು ಕೈಚಾಚಿ ಕಾಯುತ್ತಿದ್ದರೂ ನನಗೆ ಆ ಚೂರನ್ನು ದಾಟಿಸಲು ಮನಸ್ಸಾಗಲಿಲ್ಲ. ಇಂಥದನ್ನು ನೆಲದಿಂದ ನಾನೇ ಎತ್ತಬೇಕು ಎಂಬ ಆಸೆ ಆವತ್ತು ಹಿಡಿದದ್ದು.

ಆಸೆಪಟ್ಟರೆ ಆಯಿತೆ? ಇಂಥ ಕೆಲಸವನ್ನು ಎಲ್ಲಿ ಹೋಗಿ ಕೇಳಬೇಕೆಂದೇ ಗೊತ್ತಿರಲಿಲ್ಲ. ಯಾರೋ ಒಬ್ಬರು ಶಾಸನಗಳ ಅಚ್ಚು ತೆಗೆಯಲು ಊರಿಗೆ ಬಂದಿದ್ದಾರೆಂದು ಕೇಳಿ, ತಂಗಿಯನ್ನು ಕರೆದುಕೊಂಡು ಅವರು ಇಳಿದುಕೊಂಡಿದ್ದ ಛತ್ರಕ್ಕೇ ಹೋದೆ. ನೀರು ಹೊರುತ್ತೇನೆ, ಕಲ್ಲು ತೊಳೆಯುತ್ತೇನೆ, ಕಲಿಸಿ ಎಂದೆ. ಅವರು ನಮಗಿಬ್ಬರಿಗೂ ಕಾಫಿ ಕುಡಿಸಿ, "ಜಾಣೆ ಕಣಮ್ಮ ನೀನು, ಚೆನ್ನಾಗಿ ಓದ್ಕೋ" ಎಂದು ಹೇಳಿ ಕಳಿಸಿಬಿಟ್ಟರು. ಅದಾದ ಮೇಲೆ ಮೇಷ್ಟ್ರ ಬೆನ್ನು ಹತ್ತಿದೆ. ಭದ್ರಾವತಿಯಿಂದ ಶಂಕರಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ, ಹೊಳೆಯ ಹತ್ತಿರ, ಹಾಳೂರು ದಿಬ್ಬ ಎಂಬಲ್ಲಿ ಅಗೆತದ ಕ್ಯಾಂಪು ಬಂದಿತ್ತು. ಹೊಸ ಅಣೆಕಟ್ಟಿನ ನಾಲೆಯೊಂದು ಆ ದಿಬ್ಬವನ್ನು ಸೀಳಿಕೊಂಡೇ ಹೋಗಬೇಕಾಗಿದ್ದರಿಂದ ಅದಕ್ಕೆ ಮೊದಲು ಆದಷ್ಟು ಅಗೆದು ನೋಡುವ ಅವಸರ. ಮೇಷ್ಟ್ರು ನಮ್ಮ ತರಗತಿಯ ಇಬ್ಬರು ಹುಡುಗರನ್ನು ಕಳಿಸಿದ್ದರು. ಅವರು ಬಿಸಿಲು ತಡೆಯಲಾರದೆ ಒಂದು ವಾರ ತುಂಬುವ ಮೊದಲೇ ವಾಪಸು ಬಂದರು. "ಈಗಲಾದ್ರೂ ನನ್ನ ಕಳ್ಸಿ ಸಾರ್" ಎಂದೆ.

ಅಪ್ಪನಿಗೆ ಹೇಳಿದಾಗ ಅವರು ಗಜಕಡ್ಡಿ ಕೆಳಗಿಟ್ಟು ನನ್ನ ಮುಖ ನೋಡಿದರು. "ಮಣ್ಣು ಅಗೆಯೋಕೆ ಬಿ.ಎ. ಓದ್ಬೇಕಾ?" ಎಂದರು. ನನ್ನ ಪರವಾಗಿ ನಿಂತವಳು ನನ್ನ ಸೋದರತ್ತೆ. ಅಪ್ಪನ ತಂಗಿ. ಭದ್ರಾವತಿಯಲ್ಲಿ ಮಾವನಿಗೆ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ, ಕ್ವಾರ್ಟರ್ಸಿನಲ್ಲಿ ಮನೆ, ಮಕ್ಕಳಿರಲಿಲ್ಲ. "ಬಿಡಣ್ಣ, ಬೇಸಿಗೆ ರಜಕ್ಕೆ ನಮ್ಮನೆಗೆ ಬಂದ ಹಾಗಾಯ್ತು. ಬೆಳಿಗ್ಗೆ ಬಸ್ಸು ಹತ್ತಿಸ್ತೀನಿ, ಸಂಜೆ ಇಳಿಸ್ಕೊಳ್ತೀನಿ. ಅವಳೇನು ಅಮೆರಿಕಕ್ಕೆ ಹೋಗ್ತಾಳಾ?" ಎಂದಳು. ತಂಗಿಯ ಮಾತನ್ನು ಅಪ್ಪ ಯಾವತ್ತೂ ತೆಗೆದುಹಾಕುತ್ತಿರಲಿಲ್ಲ. ಆದರೂ ನನ್ನನ್ನು ರೈಲಿಗೆ ಬಿಡಲು ಬಂದಾಗ, ಬರುವ ವರ್ಷ ಮದುವೆಯ ಮಾತು ತೆಗೆಯುವುದಾಗಿಯೂ, ಈ ಹುಚ್ಚು ಅಷ್ಟರಲ್ಲಿ ಇಳಿಯಬೇಕೆಂದೂ ಹೇಳಿಯೇ ಕಳಿಸಿದರು.

ಕ್ಯಾಂಪಿನ ಮುಖ್ಯಸ್ಥರನ್ನು ಇಲ್ಲಿ ರಾಯರು ಎಂದಷ್ಟೇ ಕರೆಯುತ್ತೇನೆ. ಮೈಸೂರಿನವರು, ತೆಳ್ಳಗೆ, ತಲೆಗೆ ಹಳೆಯ ಬೆಂಡಿನ ಸೋಲಾ ಹ್ಯಾಟು. ಮೇಷ್ಟ್ರು ನನ್ನನ್ನು ಅವರ ಡೇರೆಯ ಮುಂದೆ ನಿಲ್ಲಿಸಿದಾಗ ಅವರು ತಲೆಯೆತ್ತದೆಯೇ ಹೇಳಿದರು. "ಇದು ಸರ್ಕಾರದ ಕೆಲಸ ಅಮ್ಮ. ಸಂಬಳ ಇಲ್ಲ. ಸರ್ಟಿಫಿಕೇಟೂ ಇಲ್ಲ."

"ಬೇಡ ಸಾರ್."

"ಮತ್ತೆ ಏನು ಬೇಕು?"

"ಕೆಲಸ ಸಾರ್."

ಆಗ ತಲೆಯೆತ್ತಿದರು. ಮಡಕೆಚೂರು ತೊಳೆಯಲು ಹಚ್ಚಿದರು. ಕೂಲಿಯ ಹೆಂಗಸರ ಜೊತೆ ಹೊಂಗೆಮರದ ಕೆಳಗೆ ಕೂತು ಬುಟ್ಟಿಗಟ್ಟಲೆ ಚೂರುಗಳನ್ನು ತಿಕ್ಕಿ ತೊಳೆದು ಗೋಣಿಯ ಮೇಲೆ ಒಣಹಾಕುವುದು. ಉಗುರಿನ ಸಂದಿಯಲ್ಲಿ ಕೆಸರು ನಿಂತು ಬೆರಳು ಬಿರಿದವು. ಆದರೂ ಸಂಜೆ ಬಸ್ಸಿನಲ್ಲಿ ಕೂತರೆ ನಾಳೆ ಯಾವಾಗ ಆದೀತೋ ಎನ್ನಿಸುತ್ತಿತ್ತು. ನಾನು ಓಡಿಹೋಗುವುದಿಲ್ಲವೆಂದು ಖಾತ್ರಿಯಾದ ಮೇಲೆ ರಾಯರು ನನ್ನನ್ನು ಗುಂಡಿಯೊಳಗೆ ಇಳಿಸಿದರು. ಕೈಗೆ ಒಂದು ಸಣ್ಣ ಕರಣೆ, ಒಂದು ಬ್ರಷ್ ಕೊಟ್ಟರು.

ಆ ಗುಂಡಿಯಲ್ಲಿ ಒಂದು ಮನೆ ಸಿಕ್ಕಿತ್ತು. ಮನೆಯೆಂದರೆ ಗೋಡೆ, ಮಾಡು ಏನೂ ಅಲ್ಲ. ಗಟ್ಟಿಸಿ ಸುಣ್ಣ ಬಳಿದ ದುಂಡನೆಯ ನೆಲ, ಅದರ ಸುತ್ತ ಕಂಬ ನೆಟ್ಟಿದ್ದ ಕುಳಿಗಳು, ಒಂದು ಮಗ್ಗುಲಿಗೆ ಮೂರು ಕಲ್ಲಿನ ಒಲೆ. ಒಲೆಯಲ್ಲಿ ಬೂದಿ ಇನ್ನೂ ಇತ್ತು. ಫೋಟೋ ತೆಗೆಯುವುದಕ್ಕಾಗಿ ನೆಲವನ್ನು ಧೂಳಿಲ್ಲದ ಹಾಗೆ ಗುಡಿಸುವುದು ನನ್ನ ಕೆಲಸ. ಮಂಡಿಯೂರಿ ಬ್ರಷ್ ಆಡಿಸುತ್ತ, ಇಲ್ಲಿ ಒಬ್ಬಳು ದಿನಾ ಹೀಗೆಯೇ ಗುಡಿಸಿದ್ದಾಳೆ, ನನ್ನದು ಆಕೆಯ ನಂತರದ ಸರದಿ ಎಂದುಕೊಳ್ಳುತ್ತಿದ್ದೆ. ಅದು ಕೇವಲ ಕಲ್ಪನೆ. ಓದುವ ಹುಡುಗಿಯರಿಗೆಲ್ಲ ಇರುವಂಥದ್ದು. ಅದನ್ನು ನಾನು ವಿಚಿತ್ರವೆನ್ನುವುದಿಲ್ಲ.

ಅಂದು ಸೋಮವಾರ. ನಮ್ಮ ಮನೆಯ ಹೆಂಗಸರಿಗೆ ಸೋಮವಾರ ಒಪ್ಪೊತ್ತು, ಸಂಜೆ ಪೂಜೆಯಾದ ಮೇಲೆಯೇ ಊಟ. ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಲು ಮರದ ಕಡೆ ಹೋದರು. ನಾನು ಗುಂಡಿಯಲ್ಲಿ ಉಳಿದೆ. ಬಿಸಿಲು ನೆತ್ತಿಗೆ ಬಂದು ಗುಂಡಿಯೊಳಗೆ ಎಲ್ಲೂ ನೆರಳಿರಲಿಲ್ಲ. ನನ್ನ ಹತ್ತಿರ ಅತ್ತೆಯ ಕೊಡೆಯಿತ್ತು. ಅದನ್ನು ಬಿಚ್ಚಿದ್ದು ನೆನಪಿದೆ. ಒಲೆಯ ಪಕ್ಕದಲ್ಲಿ ಕಾಲು ಮಡಿಚಿ ಕೂತದ್ದೂ ನೆನಪಿದೆ. ಆಮೇಲೆ ಇದ್ದದ್ದು ಒಂದು ಬಗೆಯ ಸಮಾಧಾನ. ಅಂಥ ಸಮಾಧಾನ ನನಗೆ ಅದಕ್ಕೆ ಮುಂಚೆಯೂ ಗೊತ್ತಿರಲಿಲ್ಲ, ಆಮೇಲೆಯೂ ಸಿಕ್ಕಿಲ್ಲ. ನಿದ್ದೆ ಬಂದಿರಲಿಲ್ಲ. ಮರದ ಕಡೆಯಿಂದ ಮಾತು ಕೇಳುತ್ತಲೇ ಇತ್ತು. ನನಗೆ ಅಲ್ಲಿಂದ ಏಳಬಾರದು ಎನ್ನಿಸುತ್ತಿತ್ತು. ಎದ್ದರೆ ಎಚ್ಚರವಾಗಿಬಿಡುತ್ತದೆ ಎನ್ನಿಸುತ್ತಿತ್ತು. ಯಾರಿಗೆ ಎಚ್ಚರವಾಗುತ್ತದೆ ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲೇ ಇಲ್ಲ.

ಬುಟ್ಟಿ ತೆಗೆದುಕೊಂಡು ಹೋಗಲು ಬಂದ ಕೆಂಚಮ್ಮ ಎಂಬ ಕೂಲಿಯ ಹೆಂಗಸು ಗುಂಡಿಯ ಅಂಚಿನಲ್ಲಿ ನಿಂತು ಕೂಗಿದಳು.

"ಯಾಕ್ರವ್ವ, ಕೊಡೆ ನೆಲಕ್ಕೆ ಹಿಡಿದು ನೀವು ಬಿಸ್ಲಾಗೆ ಕುಂತಿದೀರಲ್ಲ?"

ನೋಡಿಕೊಂಡೆ. ನಿಜ. ಎಡಗೈಯಲ್ಲಿದ್ದ ಕೊಡೆ ನನ್ನ ತಲೆಯ ಮೇಲಿರಲಿಲ್ಲ. ಅದರ ನೆರಳು ಪೂರ್ತಿಯಾಗಿ ಒಲೆಯ ಎಡಗಡೆಯ ನೆಲದ ಮೇಲೆ ಬಿದ್ದಿತ್ತು. ನನ್ನ ನೆತ್ತಿ ಸುಡುತ್ತಿತ್ತು.

ಕೆಂಚಮ್ಮ ಇನ್ನೂ ನಗುತ್ತಿದ್ದಳು. "ಆ ಕೈ ನೋಡ್ರಿ! ಮಲಗಿರೋ ಮಗೀಗೆ ತಟ್ಟಿದಂಗೆ ತಟ್ತಾ ಇದೀರಲ್ಲ ನೆಲಾನ!"

ನನ್ನ ಬಲಗೈ ಆ ನೆರಳಿನಲ್ಲಿತ್ತು. ಅದು ನೆಲವನ್ನು ಮೆಲ್ಲಗೆ ತಟ್ಟುತ್ತಿತ್ತು. ಆಕೆ ಹೇಳಿದ ಮೇಲೂ, ನಾನು ನೋಡಿದ ಮೇಲೂ, ಇನ್ನೆರಡು ಸಲ ತಟ್ಟಿ ನಿಂತಿತು. ಅದನ್ನು ನಿಲ್ಲಿಸಿದ್ದು ನಾನು ಎಂದು ಈಗಲೂ ಧೈರ್ಯವಾಗಿ ಹೇಳಲಾರೆ. ಕೊಡೆ ಮಡಿಚಿಕೊಂಡು ಏಣಿ ಹತ್ತಿ ಬಂದೆ. ಅಳು ಬಂತು. ಭಯದ ಅಳುವಲ್ಲ. ರಜೆ ಮುಗಿದು ತವರಿನಿಂದ ಹೊರಡುವಾಗ ಅತ್ತೆ ಅಳುತ್ತಿದ್ದಳಲ್ಲ, ಹಾಗೆ. ಬಿಸಿಲು ಬಡಿದಿರಬೇಕೆಂದು ಕೆಂಚಮ್ಮ ನನ್ನ ತಲೆಗೆ ನೀರು ತಟ್ಟಿ ಕೂರಿಸಿದಳು. ನಾನು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ನಾಳೆಯಿಂದ ಬರಬೇಡ ಎನ್ನುತ್ತಾರೆಂಬ ಹೆದರಿಕೆ. ಅಷ್ಟು ಕಷ್ಟಪಟ್ಟು ಸಿಕ್ಕ ಕೆಲಸ.

ಫೋಟೋ, ನಕ್ಷೆ ಎಲ್ಲ ಮುಗಿಯಿತು. ನೆಲದ ಕೆಳಗೆ ಇನ್ನೂ ಹಳೆಯದೇನಾದರೂ ಇದೆಯೇ ಎಂದು ನೋಡಲು ರಾಯರು ಅದನ್ನು ಕತ್ತರಿಸಿ ಇಳಿಯುವುದೆಂದು ತೀರ್ಮಾನಿಸಿದರು. ಅರ್ಧ ನೆಲವನ್ನು ಮಾತ್ರ, ಒಲೆಯ ಬಲಗಡೆಯದನ್ನು, ಮೊದಲು ಕತ್ತರಿಸಿದರು. ಮೊಳದಷ್ಟು ಇಳಿದರೂ ಬರೀ ಮಣ್ಣು. ಅಷ್ಟರಲ್ಲಿ ನಾಲೆಯ ಎಂಜಿನಿಯರು ಜೀಪಿನಲ್ಲಿ ಬಂದು, ತಮ್ಮ ಮೆಷಿನ್ನು ಈ ವಾರವೇ ಇಲ್ಲಿಗೆ ಬರುತ್ತದೆ ಎಂದು ಹೇಳಿ ಹೋದರು. ರಾಯರು ಹ್ಯಾಟಿನಿಂದ ಗಾಳಿ ಹಾಕಿಕೊಳ್ಳುತ್ತ, "ಕೆಳಗೇನಿಲ್ಲ. ಇನ್ನರ್ಧ ಹಾಗೇ ಇರಲಿ. ಮೇಲಿನ ಗುಂಡಿಗೆ ಹೋಗೋಣ" ಎಂದರು. ಆಳುಗಳು ಹಾರೆ, ಗುದ್ದಲಿ ಎತ್ತಿಕೊಂಡರು.

ಸುಮ್ಮನಿದ್ದರೆ ಮೆಷಿನ್ನಿನ ಹಲ್ಲು ಅಲ್ಲಿಗೆ ಬೀಳುತ್ತದೆ. ಮಾತಾಡಿದರೆ ಹುಚ್ಚಿ ಎನ್ನುತ್ತಾರೆ. "ಸಾರ್, ಒಲೆಯ ಎಡಗಡೆ ನೋಡಿ" ಎಂದುಬಿಟ್ಟೆ.

"ಯಾಕೆ? ಏನಾದ್ರೂ ಕಾಣಿಸ್ತಾ?"

"ಇಲ್ಲ ಸಾರ್."

"ಮತ್ತೆ?"

"ಹೇಳೋಕೆ ಬರಲ್ಲ ಸಾರ್. ನೋಡಿ."

ಗದರುತ್ತಾರೆ ಎಂದುಕೊಂಡಿದ್ದೆ. ಅವರು ಹ್ಯಾಟನ್ನು ತಲೆಗಿಟ್ಟುಕೊಂಡು, "ಸರಿ, ನೀನೇ ಇಳಿ. ನಿಧಾನವಾಗಿ" ಎಂದರು. ನಾನೇ ಕರಣೆಯಿಂದ ಸುಣ್ಣದ ಪದರ ಬಿಡಿಸಿದೆ. ಅಂಗೈ ಅಗಲದಷ್ಟು ಆಳದಲ್ಲಿ ಮಣ್ಣಿನ ಬಣ್ಣ ಬದಲಾಯಿತು. ಇನ್ನಷ್ಟು ಕೆರೆದಾಗ ಬೋರಲು ಹಾಕಿದ ಒಂದು ಬೋಗುಣಿಯ ತಳ ಕಂಡಿತು. ಅದು ಮುಚ್ಚಳ. ಅದರ ಕೆಳಗೆ ಹೊಟ್ಟೆ ದುಂಡಗಿದ್ದ ಒಂದು ಮಡಕೆ. ರಾಯರು ತಾವೇ ಇಳಿದುಬಂದು ಮುಚ್ಚಳವನ್ನು ಸ್ವಲ್ಪ ಸರಿಸಿ ಟಾರ್ಚು ಹಾಕಿ ನೋಡಿದರು. ಹಕ್ಕಿಯ ಮೂಳೆಯಷ್ಟು ಸಣ್ಣ ಮೂಳೆಗಳು. "ಕೂಸು. ಹುಟ್ಟಿ ಕೆಲವು ತಿಂಗಳಾಗಿರಬೇಕು. ಮನೆಯ ನೆಲದಡಿ ಹೀಗೆ ಹೂಳೋದು ಆ ಕಾಲದಲ್ಲಿ ಇತ್ತು, ಬೇರೆ ಕಡೆಯೂ ಸಿಕ್ಕಿವೆ" ಎಂದರು. ಆಮೇಲೆ ದನಿ ತಗ್ಗಿಸಿ, "ನೀನು ಎಲ್ಲಾದ್ರೂ ಓದಿದ್ದೆಯಾ?" ಎಂದು ಕೇಳಿದರು. ಇಲ್ಲವೆಂದೆ. ಸೋಮವಾರ ನಡೆದದ್ದನ್ನು ಹೇಳಿದೆ. ಕೆಂಚಮ್ಮನನ್ನೂ ಕರೆಸಿ ಕೇಳಿದರು. ಆಕೆ ಈಗ ನಗಲಿಲ್ಲ. "ಹೂಂ ಸ್ವಾಮಿ, ಅದೇ ಜಾಗ" ಎಂದು ಕೈ ಮುಗಿದಳು. ರಾಯರು ಮುಚ್ಚಳವನ್ನು ಮೊದಲಿನಂತೆ ಸರಿಸಿಟ್ಟು, "ಇದನ್ನ ಬರೆಯೋಕೆ ನನ್ನ ರಿಪೋರ್ಟಿನಲ್ಲಿ ಜಾಗ ಇಲ್ಲಮ್ಮ" ಎಂದರು.

ಅಂದು ಸಂಜೆ ಅತ್ತೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಮಾವ ಎರಡನೆಯ ಪಾಳಿಗೆ ಹೋಗಿದ್ದರು. ನಾನು ಎಲ್ಲವನ್ನೂ ಹೇಳಿದೆ. ಅತ್ತೆ ಹಿಟ್ಟಿನ ಕೈಯಲ್ಲೇ ಕೂತಿದ್ದಳು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆಯಾಯಿತು, ಅವಳು ತೆಗೆಯಲಿಲ್ಲ. ನಾನೇ ತೆಗೆದೆ.

"ನನಗೂ ಒಂದಾಗಿತ್ತು ಕಣೆ" ಎಂದಳು. "ನೀನಿನ್ನೂ ಅಂಬೆಗಾಲಿಡ್ತಿದ್ದೆ. ಆರು ತಿಂಗಳು ಇತ್ತು. ಊರಾಚೆ ಇಟ್ಟು ಬಂದ್ರು. ನನ್ನ ಕರ್ಕೊಂಡು ಹೋಗ್ಲಿಲ್ಲ. ಎಲ್ಲಿ ಅಂತ ನಿಮ್ಮ ಮಾವನ್ನ ಇವತ್ತಿನವರೆಗೂ ಕೇಳಿಲ್ಲ." ಕೈಯ ಹಿಟ್ಟು ಉಜ್ಜಿಕೊಳ್ಳುತ್ತ ಅಂದಳು, "ಪುಣ್ಯ ಮಾಡಿದ್ಳು ಮಾರಾಯ್ತಿ ಆ ಮನೆಯವಳು. ಪಕ್ಕದಲ್ಲೇ ಮಲಗಿಸ್ಕೊಂಡಿದ್ಳು."

ಅತ್ತೆಗೆ ಮಕ್ಕಳಾಗಿಲ್ಲವೆಂದೇ ನಾನು ಅಲ್ಲಿಯವರೆಗೆ ತಿಳಿದಿದ್ದೆ. ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡಿದ್ದಿಲ್ಲ.

ಆ ಮಡಕೆಯನ್ನು ಅಲ್ಲಿಯೇ ಬಿಟ್ಟುಬಿಡಲು ರಾಯರನ್ನು ಕೇಳು ಎಂದು ಅತ್ತೆ ಹೇಳಿದಳು. ಕೇಳಿದೆ. ಬಿಟ್ಟರೆ ನಾಲೆ ಅಗೆಯುವ ಮೆಷಿನ್ನು ಬಿಡುವುದಿಲ್ಲ ಎಂದರು ಅವರು. ಅದೂ ನಿಜವೇ. ಮಾರನೆಯ ದಿನ ಅತ್ತೆ ತೊಳೆದು ಮೆತ್ತಗಾಗಿದ್ದ ತನ್ನ ಹಳೆಯ ನೂಲಿನ ಸೀರೆಯೊಂದನ್ನು ಮಡಿಚಿ ನನ್ನ ಚೀಲದಲ್ಲಿಟ್ಟಳು. ಮಡಕೆಯನ್ನು ಹುಲ್ಲು, ಹತ್ತಿ ತುಂಬಿದ ಪೆಟ್ಟಿಗೆಯಲ್ಲಿ ಇಡುವುದು ಅವರ ಪದ್ಧತಿ. ನಾನು ಸೀರೆ ತೆಗೆದಾಗ ರಾಯರು ಬೇಡವೆನ್ನಲಿಲ್ಲ. ಮುಖವನ್ನು ಆ ಕಡೆ ತಿರುಗಿಸಿಕೊಂಡರು. ನಾನೇ ಎತ್ತಿದೆ, ನಾನೇ ಸುತ್ತಿದೆ, ಪೆಟ್ಟಿಗೆಯಲ್ಲಿ ಮಲಗಿಸಿದೆ. ಲಾರಿ ಹೊರಟಾಗ ಅದರ ಹಿಂದೆ ರಸ್ತೆಯವರೆಗೂ ನಡೆದುಹೋದೆನಂತೆ. ಅದು ನನಗೆ ನೆನಪಿಲ್ಲ, ಕೆಂಚಮ್ಮ ಹೇಳಿದ್ದು.

ನಾನು ಮುಂದೆ ಪುರಾತತ್ತ್ವ ಓದಲಿಲ್ಲ. ಅಪ್ಪ ತಡೆದರೆಂದು ತಿಳಿಯಬೇಡಿ. ನಾನು ಬಿಸಿಲಿಗೆ ಕರಗದೆ ರಜೆಯೆಲ್ಲ ದುಡಿದದ್ದನ್ನು ಕಂಡು ಅವರೇ ಮೆತ್ತಗಾಗಿ, "ಬೇಕಾದ್ರೆ ಮೈಸೂರಿಗೆ ಹೋಗಿ ಓದು" ಎಂದಿದ್ದರು. ನನ್ನಿಂದಲೇ ಆಗಲಿಲ್ಲ. ಇನ್ನೊಂದು ಮನೆಯ ನೆಲಕ್ಕೆ ಕರಣೆ ಹಾಕುವುದನ್ನು ನೆನೆದರೆ ಕೈ ಹಿಂದಕ್ಕೆ ಬರುತ್ತಿತ್ತು. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತಳಾದೆ. ಮದುವೆಯಾಯಿತು, ಮಕ್ಕಳಾದರು. ಸುಖವಾಗಿಯೇ ಬದುಕಿದ್ದೇನೆ. ಆದರೂ ಮಧ್ಯಾಹ್ನ ಮನೆಯಲ್ಲಿ ಎಲ್ಲರೂ ಮಲಗಿ ಸದ್ದಡಗಿದಾಗ, ನನ್ನದೊಂದು ಮನೆ ಎಲ್ಲೋ ಉಳಿದುಹೋಗಿದೆ, ಅಲ್ಲಿಗೆ ಹೋಗಲು ದಾರಿಯಿಲ್ಲ ಎಂಬ ಹಂಬಲ ಎದೆಗೆ ಬರುತ್ತದೆ. ಒಮ್ಮೆ ಬಸ್ಸಿಳಿದು ಹುಡುಕಿದ್ದೂ ಉಂಟು. ದಿಬ್ಬವಿಲ್ಲ. ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು, ಎರಡೂ ಕಡೆ ಗದ್ದೆ.

ವಿವರಣೆಗಳನ್ನು ನಾನು ಹುಡುಕದೆ ಇರಲಿಲ್ಲ. ಅಂದು ಉಪವಾಸವಿದ್ದೆ, ಬಿಸಿಲಿತ್ತು. ಹೊಂಗೆಮರಕ್ಕೆ ಕೂಲಿಯವರು ಕಟ್ಟಿದ್ದ ಸೀರೆಯ ಜೋಲಿಯಲ್ಲಿ ಮಗುವನ್ನು ತಟ್ಟುವುದನ್ನು ದಿನವೂ ನೋಡುತ್ತಿದ್ದೆ. ನೆಲದ ಆ ಭಾಗ ಕೂದಲೆಳೆಯಷ್ಟು ಕುಸಿದಿದ್ದು ಕಣ್ಣಿಗೆ ತಿಳಿಯದೆ ಕೈಗೆ ತಿಳಿದಿರಬಹುದು. ಮನೆಯ ನೆಲದಡಿ ಹೂಳುವ ಪದ್ಧತಿಯನ್ನು ತರಗತಿಯಲ್ಲಿ ಕೇಳಿ ಮರೆತಿದ್ದೆನೇನೋ ಎಂದು ಮೇಷ್ಟ್ರನ್ನು ಕೇಳಿದೆ, ತಾವು ಅದನ್ನು ಹೇಳಿಯೇ ಇಲ್ಲ ಎಂದರು. ಅತ್ತೆಯ ದುಃಖ ಅವಳು ಬಾಯಿಬಿಡುವ ಮೊದಲೇ ಅವಳ ಮನೆಯ ಗಾಳಿಯಿಂದ ನನಗೆ ತಾಗಿತ್ತೇ? ಇವುಗಳಲ್ಲಿ ಒಂದೊಂದೂ ಸ್ವಲ್ಪ ಸ್ವಲ್ಪ ಸರಿ ಎನ್ನಿಸುತ್ತದೆ. ಆದರೆ ಕೊಡೆ? ನನ್ನ ನೆತ್ತಿಯನ್ನು ಬಿಸಿಲಿಗೆ ಕೊಟ್ಟು ಆ ಅಂಗೈಯಗಲ ನೆಲಕ್ಕೆ ನೆರಳು ಹಿಡಿದವಳು ಯಾರು?

ಬಹಳ ವರ್ಷಗಳ ಮೇಲೆ, ಮಗನ ಕೆಲಸಕ್ಕೆಂದು ಮೈಸೂರಿಗೆ ಹೋದಾಗ ರಾಯರ ಮನೆ ಹುಡುಕಿಕೊಂಡು ಹೋದೆ. ತುಂಬ ವಯಸ್ಸಾಗಿತ್ತು, ಕಣ್ಣು ಮಂಜು. ಹೆಸರು ಹೇಳುವ ಮೊದಲೇ, ದನಿ ಕೇಳಿ, "ಭದ್ರಾವತಿ ಹುಡುಗಿ ಅಲ್ವಾ?" ಎಂದರು. ಮಡಕೆಯ ವಿಷಯ ಕೇಳಿದೆ. ಇಲಾಖೆಯ ಉಗ್ರಾಣದಲ್ಲಿ ಇರಬೇಕು, ಪ್ರದರ್ಶನಕ್ಕೆ ಇಟ್ಟಿಲ್ಲ, ತಾವು ಕೆಲಸದಲ್ಲಿರುವವರೆಗೂ ಸೀರೆ ಬಿಚ್ಚಿಸಿರಲಿಲ್ಲ ಎಂದರು. ನಾನು ಅವರ ಮನೆ ಹುಡುಕಿ ಹೋದದ್ದು ಒಂದೇ ಒಂದನ್ನು ಕೇಳುವುದಕ್ಕೆ. ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದೆ.

"ಅದು ಗಂಡುಮಗುವೋ ಹೆಣ್ಣುಮಗುವೋ, ಸಾರ್?"

"ಅಷ್ಟು ಎಳೇ ಮೂಳೇಲಿ ಗೊತ್ತಾಗಲ್ಲಮ್ಮ" ಎಂದರು ರಾಯರು. "ಯಾರ ಕೈಲೂ ಹೇಳೋಕಾಗಲ್ಲ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅದೊಂದೇ. ಅದು ಮಲಗಿದ್ದ ಜಾಗ ನನಗೆ ಗೊತ್ತಿತ್ತು. ಅದಕ್ಕೆ ಬಿಸಿಲು ತಾಗಬಾರದೆಂದು ಗೊತ್ತಿತ್ತು. ಎಷ್ಟು ಮೆಲ್ಲಗೆ ತಟ್ಟಿದರೆ ಎಚ್ಚರವಾಗದೆಂದೂ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದ ನನಗೆ, ಅದನ್ನು ಮಗನೇ ಎಂದು ಕರೆಯಬೇಕೋ ಮಗಳೇ ಎಂದು ಕರೆಯಬೇಕೋ, ಅದು ಮಾತ್ರ ಇವತ್ತಿಗೂ ಗೊತ್ತಿಲ್ಲ.